ಕಾಣದಿರುವುದು ಮತ್ತು ಇಲ್ಲದಿರುವುದು

ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಎಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿಯ ಗಿಡ್ಡ ಕಾಲಿನ ಕುರಿ. ಆದರೆ ವಿದ್ವತ್‌ಪ್ರಪಂಚದಲ್ಲಿ ಆ ಊರಿಗೆ ಬೇರೊಂದು ಕೀರ್ತಿಯುಂಟು. ವಿಜಯನಗರದ ರಾಜಗೌರವಕ್ಕೆ ಪಾತ್ರರಾಗಿ, ದಾಸಸಾಹಿತ್ಯಕ್ಕೆ ಆಶ್ರಯವಾಗಿ, 1539ರಲ್ಲಿ ದೇಹವಿಟ್ಟ ವ್ಯಾಸರಾಯರು ಹುಟ್ಟಿದ್ದು ಬನ್ನೂರಿನಲ್ಲಿ. ಅವರ ಮೂರು ಮಹಾಗ್ರಂಥಗಳಲ್ಲಿ ಒಂದಾದ ‘ತರ್ಕತಾಂಡವ’ದ ವಿಷಯ ಪ್ರಮಾಣವಿಚಾರ. ನಮಗೆ ತಿಳಿದಿದೆ ಎಂದುಕೊಂಡದ್ದು ನಿಜವಾಗಿಯೂ ತಿಳಿದದ್ದೇ? ಅದಕ್ಕೆ ಆಧಾರವೇನು? ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಹಿಂದಿನವರು ನೂರಾರು ವರ್ಷ ವಾದ ಮಾಡಿದರು.

ಆ ವಾದಗಳಲ್ಲಿ ಒಂದು ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರದ್ದು. ನೆಲದ ಮೇಲೆ ಗಡಿಗೆ ಇದ್ದರೆ ಕಣ್ಣಿಗೆ ಕಾಣುತ್ತದೆ, ಅದು ಪ್ರತ್ಯಕ್ಷ. ಗಡಿಗೆ ಇಲ್ಲ ಎಂಬುದನ್ನು ತಿಳಿಯುವುದು ಹೇಗೆ? ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುತ್ತೇವೆ. ಇದೇ ಬೇರೊಂದು ಪ್ರಮಾಣ, ಇದರ ಹೆಸರು ಅನುಪಲಬ್ಧಿ ಎಂದರು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ. ಬೇರೆ ಪ್ರಮಾಣ ಬೇಕಿಲ್ಲ, ಇದೂ ಪ್ರತ್ಯಕ್ಷದೊಳಗೇ ಅಡಗುತ್ತದೆ ಎಂದರು ನೈಯಾಯಿಕರು. ಮಾಧ್ವರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರರಲ್ಲೇ ನಿಂತರು. ಈ ಜಗಳ ಹೇಗಾದರೂ ಇರಲಿ, ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೆ ಹಾಕಿದ ಕಟ್ಟಳೆ ಮಾತ್ರ ಬಲು ಸೊಗಸಾದುದು: ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆಂದು ಹೇಳಬಹುದು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಅದು ಕತ್ತಲೆಯ ಮಾತೇ ಹೊರತು ಗಡಿಗೆಯ ಮಾತಲ್ಲ.

ತರ್ಕದ ಈ ಸೂಕ್ಷ್ಮ ಇಂದು ಆಸ್ಪತ್ರೆಯ ತುರ್ತುಚಿಕಿತ್ಸೆಯ ಕೊಠಡಿಯಲ್ಲಿ ಪ್ರಾಣದ ಪ್ರಶ್ನೆಯಾಗಿ ನಿಂತಿದೆ. ಕಬ್ಬು ಹೇರಿದ ಟ್ರಾಕ್ಟರಿನಿಂದ ಒಬ್ಬ ಬೀಳುತ್ತಾನೆ; ತೆಂಗಿನ ಮರದಿಂದ ಇನ್ನೊಬ್ಬ ಬೀಳುತ್ತಾನೆ. ಮೈಮೇಲೆ ತರಚಿದ ಗಾಯ ಬಿಟ್ಟರೆ ಏನೂ ಇಲ್ಲ. ಮಾತನಾಡುತ್ತಾನೆ, ನೀರು ಕೇಳುತ್ತಾನೆ. ಆದರೆ ಪಕ್ಕೆಲುಬಿನ ಮರೆಯಲ್ಲಿ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ವಯಸ್ಕನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರು. ಅದರಲ್ಲಿ ಮುಕ್ಕಾಲು ಲೀಟರಿನಷ್ಟು ಹೋಗುವವರೆಗೂ ನಾಡಿಯಾಗಲಿ ರಕ್ತದ ಒತ್ತಡವಾಗಲಿ ಹೆಚ್ಚು ಸುಳಿವು ಕೊಡುವುದಿಲ್ಲ. ಇಂಥವನ ಮಗ್ಗುಲಲ್ಲಿ ನಿಂತು, ಕೈಯಲ್ಲಿ ಹಿಡಿಯುವಷ್ಟು ಸಲಕರಣೆಯೊಂದನ್ನು ಹೊಟ್ಟೆಯ ಮೇಲೆ ಇಟ್ಟು, ಕೆಲವೇ ನಿಮಿಷಗಳಲ್ಲಿ ಒಳಗಿನದನ್ನು ನೋಡುವ ವಿದ್ಯೆ ಈಗ ವೈದ್ಯರಿಗೆ ಲಭಿಸಿದೆ. ಜನ ಅದನ್ನು ಸ್ಕ್ಯಾನಿಂಗ್ ಎನ್ನುತ್ತಾರೆ; ಪಠ್ಯಪುಸ್ತಕಗಳು ಶ್ರವಣಾತೀತ ಧ್ವನಿಯ ಪರೀಕ್ಷೆ ಎನ್ನುತ್ತವೆ. ಈ ಪರೀಕ್ಷೆ ‘ಇದೆ’ ಎಂದಾಗ ಎಷ್ಟು ನಂಬಬೇಕು, ‘ಕಾಣಲಿಲ್ಲ’ ಎಂದಾಗ ಎಷ್ಟು ನಂಬಬೇಕು ಎಂಬುದನ್ನು ತಿಳಿಯಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಹಲಸಿನ ಹಣ್ಣನ್ನೂ ಹಾಗೆಯೇ ತಟ್ಟುತ್ತಾರೆ. ಒಳಗಿನ ಸ್ಥಿತಿಯನ್ನು ಹೊರಗಿನ ನಾದದಿಂದ ಊಹಿಸುವ ಈ ಉಪಾಯವನ್ನು ವೈದ್ಯಶಾಸ್ತ್ರಕ್ಕೆ ತಂದವನು ವಿಯೆನ್ನಾದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್. ಅವನ ತಂದೆ ಛತ್ರ ನಡೆಸುತ್ತಿದ್ದ. ಮದ್ಯದ ಪೀಪಾಯಿಯಲ್ಲಿ ಎಷ್ಟು ಉಳಿದಿದೆಯೆಂದು ತಟ್ಟಿ ತಿಳಿಯುವುದನ್ನು ಮಗ ಅಲ್ಲಿಯೇ ಕಂಡನೆಂದು ಹೇಳುತ್ತಾರೆ. ಎದೆಯನ್ನು ತಟ್ಟಿ, ಗಾಳಿಯಿದ್ದರೆ ಒಂದು ನಾದ, ನೀರು ತುಂಬಿದ್ದರೆ ಇನ್ನೊಂದು ನಾದ ಎಂದು ಅವನು 1761ರಲ್ಲಿ ಪುಸ್ತಕ ಬರೆದ. ಬರಿಯ ಊಹೆಯಿಂದ ಅವನು ತೃಪ್ತನಾಗಲಿಲ್ಲ. ಶವಗಳ ಎದೆಗೂಡಿನೊಳಗೆ ದ್ರವ ತುಂಬಿಸಿ, ತಟ್ಟಿ, ತನ್ನ ಕಿವಿ ಹೇಳಿದ ಮಟ್ಟವೂ ದ್ರವದ ನಿಜವಾದ ಮಟ್ಟವೂ ಹೊಂದುತ್ತವೆಯೇ ಎಂದು ನೋಡಿದ. ಸಮಕಾಲೀನರು ಅವನನ್ನು ಅಷ್ಟಾಗಿ ಲಕ್ಷಿಸಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೋರ್ವಿಸಾರ್ ಆ ಪುಸ್ತಕವನ್ನು ಫ್ರೆಂಚ್ ಭಾಷೆಗೆ ತಂದ ಮೇಲೆಯೇ ಅದು ಲೋಕವಿಖ್ಯಾತವಾಯಿತು. ಮರುವರ್ಷವೇ ಔಎನ್‌ಬ್ರುಗ್ಗರ್ ತೀರಿಕೊಂಡ.

1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಆಲಿಸಿದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹೀಗೆ. ಅವನ ಹಿರಿಮೆ ಇರುವುದು ಕೊಳವೆಯಲ್ಲಿ ಅಲ್ಲ. ಬದುಕಿದ್ದಾಗ ಕೇಳಿದ ಸದ್ದನ್ನು, ಸತ್ತ ಮೇಲೆ ದೇಹವನ್ನು ಕೊಯ್ದು ಕಂಡ ವಿಕಾರದೊಡನೆ ಒಂದೊಂದಾಗಿ ತಾಳೆ ನೋಡಿದ ತಾಳ್ಮೆಯಲ್ಲಿ. ಮಗ್ಗುಲಿನ ಪರೀಕ್ಷೆಗೆ ಪ್ರಾಮಾಣ್ಯ ಬಂದದ್ದು ಈ ತಾಳೆ ನೋಡುವಿಕೆಯಿಂದಲೇ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ನಮ್ಮ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೂ ಕಲಿತದ್ದು ತಟ್ಟುವ ಬೆರಳಿನ, ಆಲಿಸುವ ಕಿವಿಯ ಈ ವಿದ್ಯೆಯನ್ನೇ.

ಕಿವಿಗೆ ಕೇಳುವ ಸದ್ದಿನಿಂದ ಕೇಳದ ಸದ್ದಿಗೆ ಬಂದ ಕಥೆ ಇನ್ನೂ ಸ್ವಾರಸ್ಯವಾದುದು. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳಿರುವ ಧ್ವನಿ ಮನುಷ್ಯನ ಕಿವಿಗೆ ಕೇಳದು, ಬಾವಲಿಗೆ ಕೇಳುತ್ತದೆ. 1880ರಲ್ಲಿ ಕ್ಯೂರಿ ಸಹೋದರರು ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ವಿದ್ಯುತ್ತು ಹಾಯಿಸಿದರೆ ಅದೇ ಸ್ಫಟಿಕ ಕಂಪಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಲಾಂಜೆವಿನ್ ಎಂಬ ಫ್ರೆಂಚ್ ವಿಜ್ಞಾನಿ ಇಂಥ ಸ್ಫಟಿಕದಿಂದ ನೀರಿನೊಳಗೆ ಧ್ವನಿ ಕಳಿಸಿ, ಅದರ ಮಾರ್ದನಿಯಿಂದ ಜಲಾಂತರ್ಗಾಮಿ ಹಡಗುಗಳನ್ನು ಪತ್ತೆಮಾಡುವ ದಾರಿ ತೋರಿದ. ನಮ್ಮ ನಾಡಿನ ಹೆಸರೂ ಈ ಅಲೆಗಳ ವಿಜ್ಞಾನದಲ್ಲಿ ಇದೆ. 1935 ಮತ್ತು 1936ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಸಿ. ವಿ. ರಾಮನ್ ಅವರೂ ಎನ್. ಎಸ್. ನಾಗೇಂದ್ರನಾಥ್ ಅವರೂ ಶ್ರವಣಾತೀತ ಅಲೆಗಳು ತುಂಬಿದ ದ್ರವದಲ್ಲಿ ಬೆಳಕು ಹಾಯುವಾಗ ಹೇಗೆ ಚದರುತ್ತದೆಂಬುದನ್ನು ಗಣಿತದಿಂದ ನಿರೂಪಿಸಿದರು. ಆಸ್ಪತ್ರೆಯ ಯಂತ್ರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ, ಆದರೆ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ 1935ರಲ್ಲಿಯೇ, ನೂರು ಮೈಲಿಯೂ ಇಲ್ಲದ ಬೆಂಗಳೂರಿನಲ್ಲಿ ಕಿವಿಗೆ ಕೇಳದ ಧ್ವನಿಯ ಶಾಸ್ತ್ರ ಬೆಳೆಯುತ್ತಿತ್ತೆಂಬುದನ್ನು ಶ್ರೋತೃಗಳು ಸಂತೋಷದಿಂದ ನೆನೆಯಬಹುದು.

ಈ ಧ್ವನಿಯನ್ನು ಮನುಷ್ಯನ ಮೈಯೊಳಗೆ ಕಳಿಸಿ ಚಿತ್ರ ಪಡೆಯುವ ಮೊದಲ ಪ್ರಯತ್ನಗಳಲ್ಲಿ ಒಂದು ಮತ್ತೆ ವಿಯೆನ್ನಾದ್ದೇ. ಕಾರ್ಲ್ ಡುಸಿಕ್ ಎಂಬ ವೈದ್ಯ ತಲೆಯ ಒಂದು ಬದಿಯಿಂದ ಧ್ವನಿ ಹಾಯಿಸಿ ಇನ್ನೊಂದು ಬದಿಯಲ್ಲಿ ಹಿಡಿದು, ಮೆದುಳಿನ ಒಳಕುಳಿಗಳ ಚಿತ್ರ ಸಿಕ್ಕಿತೆಂದು 1942ರಲ್ಲಿ ಪ್ರಕಟಿಸಿದ. ಚಿತ್ರ ನೋಡಿದವರಿಗೆ ಕುಳಿಗಳು ಕಂಡವು. ಆದರೆ 1950ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ಪರಿಶೋಧಿಸಿದಾಗ, ಆ ಆಕಾರ ಮೂಡಿದ್ದು ಬಹುಪಾಲು ತಲೆಬುರುಡೆಯ ಮೂಳೆಯ ದಪ್ಪದಲ್ಲಿರುವ ಏರಿಳಿತದಿಂದ ಎಂದು ತಿಳಿದುಬಂತು. ಕಂಡದ್ದು ಮೂಳೆ, ಕಂಡೆವೆಂದುಕೊಂಡದ್ದು ಮೆದುಳು. ಯಂತ್ರದ ಚಿತ್ರವನ್ನು ನಾವು ಪ್ರತ್ಯಕ್ಷವೆಂದು ಭಾವಿಸುತ್ತೇವೆ. ಅದು ನಿಜವಾಗಿ ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಮಾರ್ದನಿಯನ್ನು ಕಂಡು ವಸ್ತುವನ್ನು ಊಹಿಸುತ್ತೇವೆ. ಮಂಜನ್ನು ಹೊಗೆಯೆಂದು ಬಗೆದರೆ ಇಲ್ಲದ ಬೆಂಕಿ ಕಾಣುತ್ತದೆ.

ಈ ಹಿನ್ನಡೆಯ ಬಳಿಕ ಶಾಸ್ತ್ರವನ್ನು ಮೇಲೆತ್ತಿದವರು ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್. ಉಕ್ಕಿನ ಬಾಯ್ಲರುಗಳಲ್ಲಿ ಬಿರುಕು ಹುಡುಕಲು ಕಾರ್ಖಾನೆಯವರು ಬಳಸುತ್ತಿದ್ದ ಯಂತ್ರದ ವಿಷಯ ಅವರ ಕಿವಿಗೆ ಬಿತ್ತು. 1955ರಲ್ಲಿ ಶಸ್ತ್ರಕ್ರಿಯೆಯಿಂದ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು ರೆನ್‌ಫ್ರೂ ಎಂಬಲ್ಲಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಹೋಲಿಸಿ ನೋಡುವುದಕ್ಕೆಂದು ಕಾರ್ಖಾನೆಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ಒದಗಿಸಿದರು. ನೀರು ತುಂಬಿದ ಗೆಡ್ಡೆ ಒಂದು ಬಗೆಯ ಮಾರ್ದನಿ ಕೊಟ್ಟಿತು. ಗಟ್ಟಿಯಾದ ಗೆಡ್ಡೆ ಬೇರೊಂದು ಬಗೆ. 1958ರ ಜೂನಿನಲ್ಲಿ ಡೊನಾಲ್ಡ್, ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ತಮ್ಮ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಾಸಿಯಾಗದ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಇರುವುದು ಅಂಡಾಶಯದ ನೀರುಗೆಡ್ಡೆಯೆಂದು ಈ ಯಂತ್ರ ತೋರಿತು; ಗೆಡ್ಡೆಯನ್ನು ತೆಗೆದರು, ಆಕೆ ಬದುಕಿದಳು. ಇಲ್ಲಿಯೂ ಅದೇ ಕ್ರಮ: ಯಂತ್ರದ ಮಾತನ್ನು ಕೊಯ್ದು ನೋಡಿದ ಸತ್ಯದೊಡನೆ ತಾಳೆ ನೋಡಿದುದು.

ಅಲ್ಲಿಂದ ಮುಂದೆ ಯಂತ್ರ ಬಹುಕಾಲ ಕತ್ತಲೆ ಕೋಣೆಯ ಸೊತ್ತಾಗಿತ್ತು. ಗಾಯಾಳು ಅಲ್ಲಿಗೆ ಹೋಗಬೇಕೇ ಹೊರತು ಅದು ಗಾಯಾಳುವಿನ ಬಳಿಗೆ ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ರಕ್ತವಿದೆಯೇ ಎಂದು ತಿಳಿಯಲು 1965ರಿಂದ ರೂಢಿಗೆ ಬಂದ ಉಪಾಯ ಬೇರೆ: ಹೊಕ್ಕುಳ ಬಳಿ ಸಣ್ಣದಾಗಿ ಕೊಯ್ದು ಕೊಳವೆ ಇಳಿಸಿ, ಉಪ್ಪುನೀರು ಹರಿಸಿ, ಮರಳಿ ತೆಗೆದು ಕೆಂಪಾಗಿದೆಯೇ ಎಂದು ನೋಡುವುದು. 1970 ಮತ್ತು 80ರ ದಶಕಗಳಲ್ಲಿ ಜರ್ಮನಿ ಮತ್ತು ಜಪಾನಿನ ಶಸ್ತ್ರವೈದ್ಯರು ಧ್ವನಿಯಂತ್ರವನ್ನು ತಾವೇ ಹಿಡಿದು ಗಾಯಾಳುವಿನ ಮಗ್ಗುಲಿಗೆ ತಂದರು. 1990ರ ದಶಕದಲ್ಲಿ ಅಮೆರಿಕದ ವೈದ್ಯರು ಅದಕ್ಕೆ ನಿಯಮಿತ ಕ್ರಮವೊಂದನ್ನು ಕಟ್ಟಿ ‘ಫಾಸ್ಟ್’ ಎಂಬ ಹೆಸರಿಟ್ಟರು. ಹೃದಯದ ಸುತ್ತ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಮೂತ್ರಕೋಶದ ಹಿಂದೆ, ಹೀಗೆ ನಾಲ್ಕು ಜಾಗಗಳಲ್ಲಿ ಕಪ್ಪು ಪಟ್ಟಿ ಕಾಣುತ್ತದೆಯೇ ಎಂಬುದು ಅದರ ಏಕೈಕ ಪ್ರಶ್ನೆ. ದ್ರವ ಮಾರ್ದನಿ ಕೊಡುವುದಿಲ್ಲ, ಆದ್ದರಿಂದ ಕಪ್ಪು. ಗಾಯಾಳುವಿನ ಹೊಟ್ಟೆಯ ಕಪ್ಪು ಬಹುಮಟ್ಟಿಗೆ ರಕ್ತ. 1999ರ ವೇಳೆಗೆ, ಯುದ್ಧಭೂಮಿಗೆಂದು ಸರ್ಕಾರದ ಹಣದಿಂದ ರೂಪಿಸಿದ, ಸುಮಾರು ಎರಡೂವರೆ ಕಿಲೋ ತೂಕದ ಯಂತ್ರ ಅಮೆರಿಕದ ಮಾರುಕಟ್ಟೆಗೆ ಬಂತು. ಈಗ ಜೇಬಿನಲ್ಲಿಡುವಂಥವೂ ಇವೆ.

ಹಾಗಾದರೆ ಇದರ ನಿಖರತೆ ಎಷ್ಟು? ಔಎನ್‌ಬ್ರುಗ್ಗರ್ ಶವಗಳಲ್ಲಿ ಮಾಡಿದ ಪರೀಕ್ಷೆಯನ್ನೇ ಹೋಲುವ ಪರೀಕ್ಷೆಯೊಂದನ್ನು 1995ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಹೊಟ್ಟೆಯೊಳಗೆ ಉಪ್ಪುನೀರು ಹರಿಸಬೇಕಾಗಿದ್ದ 100 ಮಂದಿ ರೋಗಿಗಳಲ್ಲಿ, ನೀರು ಇಳಿಯುತ್ತಿರುವಾಗಲೇ ಯಂತ್ರ ಹಿಡಿದು, ಯಾವ ಗಳಿಗೆಯಲ್ಲಿ ಕಪ್ಪು ಪಟ್ಟಿ ಕಾಣುತ್ತದೆಂದು ನೋಡಿದರು. ಎಷ್ಟು ಇಳಿದಿದೆಯೆಂಬುದು ನೋಡುವವರಿಗೆ ಗೊತ್ತಿರಲಿಲ್ಲ. ಸರಾಸರಿಯಲ್ಲಿ 619 ಮಿಲಿಲೀಟರು ತುಂಬಿದ ಮೇಲೆ ಪಟ್ಟಿ ಕಂಡಿತು. 400 ಮಿಲಿಲೀಟರಿಗಿಂತ ಕಡಿಮೆ ಇದ್ದಾಗಲೇ ಕಂಡವರು ನೂರಕ್ಕೆ ಹತ್ತು ಮಂದಿ ಮಾತ್ರ. ಅಂದರೆ ಅರ್ಧ ಲೀಟರು ರಕ್ತ ಒಳಗೆ ನಿಂತಿದ್ದರೂ ಯಂತ್ರ ಏನೂ ಹೇಳದಿರಬಹುದು.

2018ರಲ್ಲಿ ಕಾಕ್ರೇನ್ ಸಂಸ್ಥೆ 34 ಅಧ್ಯಯನಗಳ 8,635 ಗಾಯಾಳುಗಳ ವಿವರಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತು. ಎದೆ, ಹೊಟ್ಟೆಗಳಲ್ಲಿ ನಿಜವಾಗಿ ಪೆಟ್ಟಾದ ನೂರು ಮಂದಿಯಲ್ಲಿ ಮಗ್ಗುಲಿನ ಯಂತ್ರ ಗುರುತಿಸುವುದು 74 ಮಂದಿಯನ್ನು. ಪೆಟ್ಟಾಗದ ನೂರರಲ್ಲಿ 96 ಮಂದಿಗೆ ಅದು ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಸಾವಿರ ಗಾಯಾಳುಗಳಲ್ಲಿ 280 ಮಂದಿಗೆ ಒಳಪೆಟ್ಟಾಗಿದೆಯೆಂದು ಇಟ್ಟುಕೊಂಡರೆ, 29 ಮಂದಿಗೆ ಇಲ್ಲದ ಪೆಟ್ಟು ಕಂಡೀತು. 73 ಮಂದಿಗೆ ಇರುವ ಪೆಟ್ಟು ಕಾಣದೆ ಹೋದೀತು. ಮಕ್ಕಳಲ್ಲಿ ಯಂತ್ರದ ದೃಷ್ಟಿ ಇನ್ನೂ ಮಂದ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಇಲ್ಲದ್ದನ್ನು ಇದೆಯೆಂದರೆ ಸುಸ್ಥಿತಿಯಲ್ಲಿರುವ ರೋಗಿಗೆ ಇನ್ನೊಂದು ಪರೀಕ್ಷೆಯ ಶ್ರಮ. ಇರುವುದನ್ನು ಇಲ್ಲವೆಂದರೆ ಮನೆಗೆ ಕಳಿಸಿದವನು ರಾತ್ರಿ ಕಣ್ಣುಮುಚ್ಚಬಹುದು.

ಹಾಗೆಂದು ಈ ವಿದ್ಯೆಯನ್ನು ಹಳಿಯಬೇಕಾಗಿಲ್ಲ. ತುಂಬಿದ ಕೋಣೆಯಲ್ಲಿ ದೀಪ ಎಲ್ಲ ಮೂಲೆಗೂ ಸಮನಾಗಿ ಬೀಳುವುದಿಲ್ಲವಷ್ಟೆ. ಹೊಟ್ಟೆಯ ವಿಷಯದಲ್ಲಿ ಮಂದವಾದ ಈ ಯಂತ್ರ ಎದೆಯ ವಿಷಯದಲ್ಲಿ ಬಲು ಚುರುಕು. ಗಾಳಿ ತುಂಬಿದ ಶ್ವಾಸಕೋಶಕ್ಕೆ ಧ್ವನಿಪರೀಕ್ಷೆ ಉಪಯೋಗವಿಲ್ಲವೆಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ಸೇರಿಕೊಂಡರೆ ಧ್ವನಿಯಿಂದ ತಿಳಿಯಬಹುದೆಂದು 1986ರಲ್ಲಿ ಮೊದಲು ಬರೆದದ್ದು ಪಶುವೈದ್ಯಶಾಸ್ತ್ರದವರು, ಕುದುರೆಯನ್ನು ಪರೀಕ್ಷಿಸಿ. ಉಸಿರಾಟದೊಡನೆ ಶ್ವಾಸಕೋಶದ ಹೊದಿಕೆ ಜಾರುವುದು ಕಂಡರೆ ಆ ಜಾಗದಲ್ಲಿ ಗಾಳಿ ಸೇರಿಲ್ಲ ಎಂಬುದನ್ನು 1995ರಲ್ಲಿ ಫ್ರಾನ್ಸಿನ ಲಿಕ್ಟೆನ್‌ಸ್ಟೈನ್ ಮನುಷ್ಯರಲ್ಲಿ ತೋರಿಸಿದರು. 2020ರಲ್ಲಿ ಕಾಕ್ರೇನ್ ಸಂಸ್ಥೆ ಲೆಕ್ಕ ನೋಡಿದಾಗ, ಇಂಥ ನೂರು ಗಾಯಾಳುಗಳಲ್ಲಿ ಮಲಗಿಸಿ ತೆಗೆದ ಎಕ್ಸ್‌ರೇ 47 ಮಂದಿಯನ್ನು ಮಾತ್ರ ಗುರುತಿಸಿದರೆ, ಮಗ್ಗುಲಿನ ಧ್ವನಿಯಂತ್ರ 91 ಮಂದಿಯನ್ನು ಗುರುತಿಸಿತ್ತು. ಅನುಪಲಬ್ಧಿಗೆ ಹಾಕಿದ ಕಟ್ಟಳೆ ಇಲ್ಲಿ ಸಲ್ಲುತ್ತದೆ: ಎದೆಯಲ್ಲಿ ಗಾಳಿ ಇದ್ದಿದ್ದರೆ ಬಹುಮಟ್ಟಿಗೆ ಕಾಣಬೇಕಾಗಿತ್ತು. ಹೊಟ್ಟೆಯಲ್ಲಿ ಅದು ಸಲ್ಲುವುದಿಲ್ಲ. ಅಲ್ಲಿ ಕರುಳಿನ ಗಾಳಿ ಅಡ್ಡ, ಕೊಬ್ಬು ಅಡ್ಡ. ಕರುಳು ಹರಿದರೆ ಮೊದಲಲ್ಲಿ ದ್ರವವೇ ಇರದು. ಬೆನ್ನಿನ ಕಡೆ ಸೋರಿದ ರಕ್ತ ಈ ನಾಲ್ಕು ಜಾಗಗಳಿಗೆ ಬರುವುದೇ ಇಲ್ಲ. ಇವೆಲ್ಲದರ ಮೇಲೆ ಹಿಡಿದ ಕೈಯ ಅಭ್ಯಾಸ. ವೀಣೆ ಒಂದೇ ಆದರೂ ನುಡಿಸುವ ಬೆರಳು ಬೇರೆ.

ನಮ್ಮ ದೇಶದಲ್ಲಿ ಈ ಯಂತ್ರದ ಚರಿತ್ರೆಗೆ ಕರಾಳವಾದ ಇನ್ನೊಂದು ಅಧ್ಯಾಯವಿದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳಿ, ಹೆಣ್ಣೆಂದರೆ ತೆಗೆಸುವ ಪಾತಕಕ್ಕೂ ಇದೇ ಯಂತ್ರ ಸಾಧನವಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ ದೇಶದಲ್ಲಿದ್ದ ಹೆಣ್ಣುಮಕ್ಕಳು 945, 2001ರಲ್ಲಿ 927, 2011ರಲ್ಲಿ 919. 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ ಬಂತು; 2003ರಲ್ಲಿ ಬಿಗಿಯಾಯಿತು. 2012ರ ನಿಯಮವಂತೂ, ಒಯ್ಯಬಹುದಾದ ಯಂತ್ರವನ್ನು ನೋಂದಾಯಿಸಿದ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೆ ಬೇರೆ ಸೇವೆಗಳನ್ನೂ ಕೊಡುವ ಸಂಚಾರಿ ಚಿಕಿತ್ಸಾ ಘಟಕದಲ್ಲಿ ಮಾತ್ರ ಬಳಸಬಹುದೆಂದು ಕಟ್ಟು ಹಾಕಿತು. ಮಗ್ಗುಲಿನಿಂದ ಮಗ್ಗುಲಿಗೆ ಸಂಚರಿಸುವುದೇ ಯಾವುದರ ಗುಣವೋ ಅದರ ಕಾಲಿಗೇ ಸರಪಳಿ ಬಿದ್ದಿತು. ಗಾಯಾಳುಗಳ ಹಿತದೃಷ್ಟಿಯಿಂದ ಇದು ನಷ್ಟವೇ. ಆದರೆ ಈ ಸರಪಳಿ ಅನಗತ್ಯವೆನ್ನುವ ಧೈರ್ಯ ನಮ್ಮ ಸೀಮೆಯವರಿಗೆ ಬರಲಾರದು. ಬನ್ನೂರಿನ ನೆರೆಯ ಮಂಡ್ಯ ಜಿಲ್ಲೆಯಲ್ಲಿ, ಬೆಲ್ಲ ಬೇಯಿಸುವ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲವನ್ನು ಭೇದಿಸಿರುವುದಾಗಿ 2023ರಲ್ಲಿ ಬೆಂಗಳೂರಿನ ಪೊಲೀಸರು ಹೇಳಿದಾಗ ನಾಡೆಲ್ಲ ತಲೆತಗ್ಗಿಸಿತು. ಅಲ್ಲಿ ಯಂತ್ರದ ಉತ್ತರ ನಿಖರವಾಗಿದ್ದಷ್ಟೂ ಅನಾಹುತ ಹೆಚ್ಚು. ಉತ್ತರದ ನಿಖರತೆ ಒಂದೇ ಸಾಲದು; ಪ್ರಶ್ನೆ ಕೇಳುವ ಮನಸ್ಸು ನೆಟ್ಟಗಿರಬೇಕು. ಅದಿಲ್ಲದ ಸಮಾಜ ತನ್ನ ಗಾಯಾಳುಗಳಿಗೆ ದೊರೆಯಬೇಕಾದ ದೀಪವನ್ನೂ ತಾನೇ ಮರೆಮಾಡಿಕೊಳ್ಳುತ್ತದೆ.

ಬನ್ನೂರಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು. 2008ರಲ್ಲಿ ರಾಜ್ಯದಲ್ಲಿ 108ರ ವಾಹನಗಳು ಓಡತೊಡಗಿದ ಮೇಲೆ ಆ ದಾರಿ ಮೊದಲಿನಷ್ಟು ದೂರವಲ್ಲ. ಒಳಗೆ ಏನಾಗಿದೆಯೆಂದು ಸ್ಪಷ್ಟವಾಗಿ ತೋರುವ ಸಿ.ಟಿ. ಸ್ಕ್ಯಾನೂ ಕೊಯ್ದು ಸರಿಪಡಿಸುವ ಶಸ್ತ್ರವೈದ್ಯರೂ ಇರುವ ದೊಡ್ಡ ಆಸ್ಪತ್ರೆಗಳು ಮೈಸೂರಿನಲ್ಲಿವೆ. ಸಣ್ಣ ಊರಿನ ವೈದ್ಯರ ಮುಂದಿರುವ ನಿರ್ಧಾರ ಒಂದೇ: ಕಳಿಸಬೇಕೇ, ಇರಿಸಿಕೊಳ್ಳಬೇಕೇ? ಕಪ್ಪು ಪಟ್ಟಿ ಕಂಡರೆ ಈ ಪ್ರಶ್ನೆಯೇ ಉಳಿಯುವುದಿಲ್ಲ. ಒಂದು ಗಳಿಗೆಯನ್ನೂ ಕಳೆಯದೆ ಕಳಿಸಬೇಕು, ಶಸ್ತ್ರಕ್ರಿಯೆಯ ಕೋಣೆ ಸಿದ್ಧವಾಗಿರಲೆಂದು ಮುಂಚಿತವಾಗಿ ತಿಳಿಸಬೇಕು. ಈ ಪರೀಕ್ಷೆಯಿಂದ ಪ್ರಾಣ ಉಳಿಯುವುದು ಹೀಗೆ. ಪಟ್ಟಿ ಕಾಣದಿದ್ದರೆ ಮಾತ್ರ ವಿವೇಕದ ಕೆಲಸ ಶುರುವಾಗುತ್ತದೆ. ಬಿದ್ದ ಎತ್ತರವೇನು, ನೋವು ಎಲ್ಲಿ, ನಾಡಿ ಏರುತ್ತಿದೆಯೇ ಎಂದು ನೋಡಬೇಕು. ಸ್ವಲ್ಪ ಹೊತ್ತು ಕಳೆದು ಮತ್ತೆ ಯಂತ್ರ ಹಿಡಿಯಬೇಕು, ಏಕೆಂದರೆ ಮೊದಲ ಬಾರಿ ಮರೆಯಾಗಿದ್ದ ರಕ್ತ ಎರಡನೆಯ ಬಾರಿ ಕಾಣುವಷ್ಟು ಕೂಡಿರಬಹುದು. ಸಂಶಯ ಉಳಿದರೆ ಕಳಿಸಲೇಬೇಕು. ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದರು’ ಎಂದು ಗಾಯಾಳುವನ್ನು ಬಲವಂತವಾಗಿ ಮನೆಗೆ ಕರೆದೊಯ್ಯುವ ನೆಂಟರಿಗೂ ಇದು ತಿಳಿದಿರಬೇಕು.

ಎದೆ ತಟ್ಟಿದ ಬೆರಳಿನಿಂದ ಹಿಡಿದು ಜೇಬಿನ ಯಂತ್ರದವರೆಗೆ ಎರಡೂವರೆ ಶತಮಾನಗಳಲ್ಲಿ ಸಲಕರಣೆ ಎಷ್ಟೋ ಬದಲಾಗಿದೆ. ಅದನ್ನು ನಂಬಲರ್ಹವಾಗಿಸಿದ ಶಿಸ್ತು ಬದಲಾಗಿಲ್ಲ: ನಾನು ನೋಡಿದ್ದು ಎಂಥ ಬೆಳಕಿನಲ್ಲಿ ಎಂದು ನೋಡುವವನು ತನ್ನನ್ನೇ ಕೇಳಿಕೊಳ್ಳುವುದು. ವೈದ್ಯರು ರೋಗಿಯ ಚೀಟಿಯಲ್ಲಿ ‘ರಕ್ತವಿಲ್ಲ’ ಎಂದು ಬರೆಯುವುದಕ್ಕೂ ‘ಈ ಹೊತ್ತಿಗೆ ರಕ್ತ ಕಾಣಲಿಲ್ಲ’ ಎಂದು ಬರೆಯುವುದಕ್ಕೂ ಒಂದೆರಡು ಪದಗಳ ವ್ಯತ್ಯಾಸ. ಎರಡನೆಯದನ್ನು ಬರೆದ ವೈದ್ಯರು ಒಂದು ಗಂಟೆಯಾದ ಮೇಲೆ ಮತ್ತೆ ಬಂದು ನೋಡುತ್ತಾರೆ.